ಓದು ಬಿಟ್ಟವರು ಮರಳಿ ಬರಲಿ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ಸನ್ಮಾನಿಸುತ್ತೇವೆ. ಅದು ಆಗಲೇಬೇಕಾದ ಕೆಲಸ. ಇಂದು ನಾನು ಆ ಮಕ್ಕಳ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಾಯಿ ತಂದೆಯರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಕರಾವಳಿಯ ಮನೆಗಳನ್ನು ನೋಡಿ. ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿದ್ದಾರೆ. ಬೀಡಿ ಕಟ್ಟಿ ತಮ್ಮಂದಿರ ಫೀಸು ಕಟ್ಟಿದ ಅಕ್ಕಂದಿರಿದ್ದಾರೆ. ಮೀಸೆ ಚಿಗುರುವ ವಯಸ್ಸಿನಲ್ಲೇ ಪಾಸ್‌ಪೋರ್ಟ್ ಮಾಡಿಸಿಕೊಂಡು ಗಲ್ಫಿಗೆ ಹೋದವರಿದ್ದಾರೆ. ಇವರಲ್ಲಿ ಯಾರೂ ಬುದ್ಧಿ ಸಾಲದೆ ಓದು ಬಿಟ್ಟವರಲ್ಲ. ಮನೆಯ ಒಲೆ ಉರಿಯಬೇಕಿತ್ತು, ಬಿಟ್ಟರು. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಕೈಯಲ್ಲಿ ಸ್ವಲ್ಪ ಸಮಯವಿದೆ. ಆದರೂ ಕಾಲೇಜಿನ ಮಾತು ಎತ್ತಿದರೆ “ಇನ್ನು ಈ ವಯಸ್ಸಿನಲ್ಲಿ ಓದಿ ಏನಾಗಬೇಕು?” ಎಂದು ನಕ್ಕುಬಿಡುತ್ತಾರೆ.

ಈ ವಯಸ್ಸಿನಲ್ಲಿ ಸಾಧ್ಯವೇ ಎಂಬ ಸಂಶಯಕ್ಕೆ ನಮ್ಮ ದೇಶದಲ್ಲೇ ಉತ್ತರವಿದೆ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಪಟ್ನಾದಲ್ಲಿ ನೆಲೆಸಿದ್ದ ರಾಜ್‌ಕುಮಾರ್ ವೈಶ್ಯ 2015ರಲ್ಲಿ ನಳಂದ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿ, 97 ವರ್ಷ ತುಂಬಿದ ಮೇಲೆ 2017ರಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದರು.

ಇವೆಲ್ಲ ಒಬ್ಬಿಬ್ಬರ ಸಾಹಸ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಅಮೆರಿಕದ ಉದಾಹರಣೆ ನೋಡೋಣ. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಸೈನಿಕರಿಗೆ ಓದಲು ನೆರವು ನೀಡುವ ಕಾನೂನು ಅಲ್ಲಿ ಬಂತು. ಇವರಿಂದ ಶಿಕ್ಷಣದ ಮಟ್ಟ ಕುಸಿಯುತ್ತದೆಂದು ದೊಡ್ಡ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರೇ ಹೆದರಿದ್ದರು. ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. 1947ರಲ್ಲಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇವರೇ. ಅನೇಕರಿಗೆ ಹೆಂಡತಿ ಮಕ್ಕಳ ಜವಾಬ್ದಾರಿ ಇತ್ತು. ಆದರೂ ಅವರು ಕಿರಿಯರಿಗೆ ಸರಿಸಮನಾಗಿ, ಎಷ್ಟೋ ಕಡೆ ಅವರಿಗಿಂತ ಚೆನ್ನಾಗಿ ಓದಿದರು. ವಯಸ್ಸಾದಂತೆ ಬಾಯಿಪಾಠ ನಿಧಾನವಾಗುತ್ತದೆ, ನಿಜ. ಆದರೆ ಪದಸಂಪತ್ತು ಮತ್ತು ಲೋಕಜ್ಞಾನ ಬೆಳೆಯುತ್ತಲೇ ಇರುತ್ತವೆ. ಇಪ್ಪತ್ತು ವರ್ಷ ಮನೆಯ ಖರ್ಚು ತೂಗಿಸಿದ ಹೆಂಗಸಿಗೆ ಬಜೆಟ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದಾರಿಯ ವಿಷಯ. ಹತ್ತನೆಯ ತರಗತಿ ಮುಗಿಸದವರು ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಗರಿಷ್ಠ ವಯೋಮಿತಿಯೇ ಇಲ್ಲ. ಅಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿಯಲ್ಲಿ ವಿಷಯಗಳನ್ನು ಒಂದೊಂದಾಗಿ ಪಾಸು ಮಾಡುತ್ತಾ ಹೋಗಬಹುದು, ಉರ್ದು ಮಾಧ್ಯಮವೂ ಇದೆ. ಹನ್ನೆರಡನೆಯ ತರಗತಿ ಅಥವಾ ಪಿಯುಸಿ ಆದ ಮೇಲೆ ಪದವಿಗೆ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವಿದೆ, 1996ರಲ್ಲಿ ಆರಂಭವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಮಾನ್ಯತೆ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನೇ 2015ರಲ್ಲಿ ಯುಜಿಸಿ ಹಿಂತೆಗೆದುಕೊಂಡಿತ್ತು, ಅದು ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಬಹಳ ಕಷ್ಟಪಟ್ಟರು. ಆದ್ದರಿಂದ ಫೀಸು ಕಟ್ಟುವ ಮೊದಲು ನಿಮ್ಮ ಕೋರ್ಸಿಗೆ ಆ ವರ್ಷ ಯುಜಿಸಿ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ. ಆರು ತಿಂಗಳಲ್ಲಿ ಡಿಗ್ರಿ ಕೊಡಿಸುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ.

ಓದಿ ಏನಾಗಬೇಕು ಎಂಬ ಪ್ರಶ್ನೆ ಉಳಿಯಿತು. ನಾನು ಆಸೆ ತೋರಿಸಲು ಬಂದಿಲ್ಲ. ಸರ್ಕಾರಿ ನೌಕರಿಗೆ ವಯೋಮಿತಿ ಇದೆ, ನಲವತ್ತೈದರಲ್ಲಿ ಪಡೆದ ಪದವಿ ಆ ಬಾಗಿಲನ್ನು ತೆರೆಯಲಾರದು. ಆದರೆ ಸ್ವಂತ ವ್ಯಾಪಾರದ ಲೆಕ್ಕ ಬರೆಯಲು, ಬ್ಯಾಂಕಿನ ಕಾಗದವನ್ನು ಓದಿ ಸಹಿ ಹಾಕಲು, ಖಾಸಗಿ ಶಾಲೆ ಅಥವಾ ಆಫೀಸಿನಲ್ಲಿ ಕೆಲಸ ಕೇಳಲು ಓದು ಬೇಕು. ಗಂಡ ದೂರದೇಶದಲ್ಲಿದ್ದಾಗ ಇಡೀ ಮನೆಯನ್ನು ನಡೆಸುವ ಹೆಣ್ಣಿಗಂತೂ ಇದು ಅಲಂಕಾರವಲ್ಲ, ಅಗತ್ಯ. ತಾಯಿ ಪುಸ್ತಕ ಹಿಡಿದು ಕೂತ ಮನೆಯಲ್ಲಿ ಮಕ್ಕಳಿಗೆ “ಓದಿರಿ” ಎಂದು ಗದರಿಸುವ ಕೆಲಸವೂ ಕಡಿಮೆಯಾಗುತ್ತದೆ.

ಸದಸ್ಯರಲ್ಲಿ ನನ್ನ ಕೋರಿಕೆ ಮೂರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆಯುವಾಗ ಒಂದಿಷ್ಟು ಪಾಲನ್ನು ಮರಳಿ ಓದುವವರಿಗೆ ಮೀಸಲಿಡಿ, ಅದಕ್ಕೆ ವಯಸ್ಸಿನ ಮಿತಿ ಹಾಕಬೇಡಿ. ಅರ್ಜಿ ತುಂಬಲು, ಹಳೆಯ ಟಿ.ಸಿ., ಅಂಕಪಟ್ಟಿ ಹುಡುಕಿ ತೆಗೆಸಲು ಕಚೇರಿಯಲ್ಲಿ ವಾರಕ್ಕೊಂದು ದಿನ ಒಬ್ಬರನ್ನು ಕೂರಿಸಿ. ಭಾನುವಾರ ಮಧ್ಯಾಹ್ನ ಎರಡು ಗಂಟೆ ನಮ್ಮ ತರಗತಿ ಕೋಣೆಯೊಂದನ್ನು ಅವರಿಗೆ ಬಿಟ್ಟುಕೊಡಿ. ಮನೆಯಲ್ಲಿ ಕೂತು ಓದಲು ಅವರಿಗೆ ಜಾಗವೂ ಇಲ್ಲ, ಬಿಡುವೂ ಇಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ಉಮ್ಮನೋ ಅಬ್ಬನೋ ಎಲ್ಲಿಗೆ ಓದು ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂದು ಇವತ್ತು ರಾತ್ರಿ ಕೇಳಿ. ಮತ್ತೆ ಓದುವ ಆಸೆ ಇದ್ದರೆ ಅರ್ಜಿ ನೀವೇ ತುಂಬಿ ಕೊಡಿ. ಪರೀಕ್ಷೆಯ ತಿಂಗಳಲ್ಲಿ ಅಡುಗೆಮನೆಯ ಕೆಲಸ ಹಂಚಿಕೊಳ್ಳಿ, ಗಂಡುಮಕ್ಕಳೂ ಸೇರಿ. ನಿಮ್ಮ ಪರೀಕ್ಷೆಗೆಂದು ಅವರು ಎಷ್ಟೋ ವರ್ಷ ಟಿ.ವಿ. ಆರಿಸಿ ಕೂತಿದ್ದಾರೆ, ಈಗ ನಿಮ್ಮ ಸರದಿ.

ಮುಂದಿನ ಸಭೆಯಲ್ಲಿ ಸನ್ಮಾನಕ್ಕೆಂದು ಹೆಸರು ಕರೆದಾಗ ಹಿಂದಿನ ಸಾಲಿನಿಂದಲೂ ಯಾರಾದರೂ ಎದ್ದು ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.