ಓದುವ ಯಂತ್ರ ಎಲ್ಲಿದೆ?

ನಾನು ಕಾರ್ಯಕ್ರಮ ನಿರ್ಮಾಣದ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಸಂದರ್ಶನವೊಂದರ ಟೇಪು ಸಿಕ್ಕಿತು. ಪೆಟ್ಟಿಗೆಯ ಮೇಲಿನ ಬರಹ ಸ್ಪಷ್ಟವಾಗಿತ್ತು, ಟೇಪೂ ಚೆನ್ನಾಗಿತ್ತು. ಅದನ್ನು ನಡೆಸುವ ಯಂತ್ರ ಮಾತ್ರ ಎಲ್ಲಿಯೂ ಇರಲಿಲ್ಲ. ಕಪಾಟಿನಲ್ಲಿಟ್ಟ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲವೆಂದು ಅಂದು ನನಗೆ ಮನವರಿಕೆಯಾಯಿತು.

ಇಂಥದೇ ಪಾಡು ಇಂಗ್ಲೆಂಡಿಗೂ ಬಂದಿತ್ತು. 1086ರಲ್ಲಿ ಅಲ್ಲಿನ ದೊರೆ ಒಂದನೆಯ ವಿಲಿಯಂ ತನ್ನ ರಾಜ್ಯದ ಭೂಮಿ, ಒಡೆತನಗಳ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆಯಿಸಿದ. ಅದೇ ಡೂಮ್ಸ್‌ಡೇ ಪುಸ್ತಕ. ಅದಕ್ಕೆ 900 ವರ್ಷ ತುಂಬಿದ 1986ರಲ್ಲಿ ಬಿಬಿಸಿ ಸಂಸ್ಥೆ ಹೊಸದೊಂದು ಡೂಮ್ಸ್‌ಡೇ ಸಿದ್ಧಪಡಿಸಿತು. ಸಾವಿರಾರು ಶಾಲೆಗಳ ಮಕ್ಕಳು ತಮ್ಮ ಊರಿನ ವಿವರ, ಚಿತ್ರಗಳನ್ನು ಕಳುಹಿಸಿದರು. ಎಲ್ಲವನ್ನೂ ಎರಡು ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಅವನ್ನು ಓದಲು ವಿಶೇಷ ಪ್ಲೇಯರ್ ಮತ್ತು ಆ ಕಾಲದ ಕಂಪ್ಯೂಟರ್ ಬೇಕಾಗಿತ್ತು. ಹದಿನೈದೇ ವರ್ಷಗಳಲ್ಲಿ ಆ ಯಂತ್ರಗಳು ಅಪರೂಪವಾದವು. ಒಂಬತ್ತು ಶತಮಾನದ ಚರ್ಮದ ಹಾಳೆಯನ್ನು ಓದಬಹುದಿತ್ತು; ಮಕ್ಕಳು ಬರೆದದ್ದನ್ನು ಓದಲು ಪರದಾಡಬೇಕಾಯಿತು!

ಆಗ ನೆರವಿಗೆ ಬಂದದ್ದು ವಿಶ್ವವಿದ್ಯಾಲಯಗಳು. ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ತಂಡ ತಟ್ಟೆಯಲ್ಲಿದ್ದ ಮಾಹಿತಿಯನ್ನು ಹೊರತೆಗೆಯಿತು. ಹೊಸ ಕಂಪ್ಯೂಟರೇ ಹಳೆಯದರಂತೆ ನಡೆದುಕೊಳ್ಳುವ ತಂತ್ರಾಂಶ ಬರೆದು, 2002ರಲ್ಲಿ ಆ ಪುಟಗಳನ್ನು ಮತ್ತೆ ತೆರೆದು ತೋರಿಸಿತು.

ಹಾಗಾದರೆ ತಾಳೆಗರಿಯೇ ಮೇಲೇ? ಅದಕ್ಕೆ ಯಂತ್ರ ಬೇಡ, ನಿಜ. ಆದರೆ ಲಿಪಿ ಬಲ್ಲವರು ಬೇಕು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಗ್ರಂಥ ಲಿಪಿಯ ತಾಳೆಗರಿ ಪ್ರತಿಯೊಂದು ಬಂದಿತ್ತು. ಅಲ್ಲಿ ಆರ್. ಶಾಮಶಾಸ್ತ್ರಿಗಳಿದ್ದರು. ಅವರು ಓದಿ ಗುರುತಿಸಿದ್ದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆಯಿತು.

ಇಂದು ಗ್ರಂಥಪಾಲಕರ ಕೆಲಸ ಪುಸ್ತಕದ ಕಪಾಟಿಗಷ್ಟೇ ಸೀಮಿತವಲ್ಲ. ಪಿಎಚ್.ಡಿ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿಯೂ ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿತು. ಒಂದೇ ಗ್ರಂಥಾಲಯದ ಮೂಲೆಯಲ್ಲಿರುತ್ತಿದ್ದ ಪ್ರಬಂಧಗಳನ್ನು ಈಗ ‘ಶೋಧಗಂಗಾ’ ಭಂಡಾರದಲ್ಲಿ ಮನೆಯಿಂದಲೇ ಓದಬಹುದು.

ಆದರೂ ಒಂದು ಮಾತು ಉಳಿಯುತ್ತದೆ. ಪ್ರಬಂಧದಲ್ಲಿ ಅಚ್ಚಾಗುವುದು ಒಂದು ನಕ್ಷೆ. ಅದರ ಹಿಂದಿರುವ ಸಾವಿರಾರು ಅಳತೆಗಳು ಎಲ್ಲಿ? ಬಹಳಷ್ಟು ಸಲ ಸಂಶೋಧಕರ ಸ್ವಂತ ಕಂಪ್ಯೂಟರಿನಲ್ಲಿ. ಅದು ಕೆಟ್ಟರೆ ಫಲಿತಾಂಶ ಸರಿಯೇ ತಪ್ಪೇ ಎಂದು ಮತ್ತೊಬ್ಬರು ಪರೀಕ್ಷಿಸುವಂತಿಲ್ಲ. ಪರೀಕ್ಷೆಗೆ ಸಿಗದ ಫಲಿತಾಂಶವನ್ನು ವಿಜ್ಞಾನ ಹೇಗೆ ನಂಬೀತು? ಆದ್ದರಿಂದಲೇ ಇಂದು ಅನೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಸಂಶೋಧನೆಯ ದತ್ತಾಂಶವನ್ನೂ ಪುಸ್ತಕದಂತೆಯೇ ಪಡೆದು, ಪಟ್ಟಿ ಮಾಡಿ, ಕಾಪಾಡುತ್ತಿವೆ.

ನೀವು ಕಾಲೇಜಿನ ಪ್ರಾಜೆಕ್ಟಿನಿಂದಲೇ ಇದನ್ನು ರೂಢಿಸಿಕೊಳ್ಳಬಹುದು. ಅಳತೆಗಳನ್ನು ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸರಳ ಪಠ್ಯರೂಪದಲ್ಲಿಡಿ. ಪ್ರತಿಯನ್ನು ಎರಡು ಕಡೆ ಇಡಿ. ಯಾವ ದಿನ, ಯಾವ ಉಪಕರಣದಿಂದ, ಯಾವ ಮಾನದಲ್ಲಿ ಅಳೆದಿರೆಂದು ಜೊತೆಗೊಂದು ಚೀಟಿ ಬರೆಯಿರಿ. ಮುಂದೆಂದೋ ಅದನ್ನು ತೆರೆಯುವವರಿಗೆ ನೀವು ಪರಿಚಯವಿರುವುದಿಲ್ಲ. ನಿಮ್ಮ ಚೀಟಿಯೇ ಅವರೊಡನೆ ಮಾತನಾಡಬೇಕು.