ಗಿಟಾರ್ ಕಲಿಕೆಗೆ ದಿನಕ್ಕೆ ಅರ್ಧ ಗಂಟೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಗಿಟಾರ್ ಬಗ್ಗೆ ಮಾತಾಡುತ್ತೇನೆ. ಮೂವತ್ತು ದಾಟಿದ ಮೇಲೆ ಅದನ್ನು ಕೈಗೆತ್ತಿಕೊಂಡವನು ನಾನು, ಇಂದಿಗೂ ವಿದ್ಯಾರ್ಥಿಯೇ. ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ಗಿಟಾರ್ ಎಂದರೆ ದುಡ್ಡಿದ್ದವರ ಮಕ್ಕಳ ಹವ್ಯಾಸ, ಅದರ ಥಿಯರಿ ಇಂಗ್ಲಿಷ್ ಪುಸ್ತಕದಲ್ಲಿದೆ, ಸರ್ಕಾರಿ ಶಾಲೆಯವರಾದ ನಮಗೆ ಅದು ಒಗ್ಗುವುದಿಲ್ಲ ಎಂಬ ಭಾವನೆ ನಮ್ಮ ಮಕ್ಕಳಲ್ಲಿದೆ. ಅದು ನಿಜವಲ್ಲ ಎಂದು ಹೇಳುವುದಕ್ಕೇ ಇಂದು ನಿಂತಿದ್ದೇನೆ.

ಪಾಶ್ಚಾತ್ಯ ವಾದ್ಯ ನಮ್ಮ ಊರಿಗೆ ಹೊಸದಲ್ಲ. ಪಿಟೀಲು ಕೂಡ ಅಲ್ಲಿಂದಲೇ ಬಂದದ್ದು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಪಿಟೀಲು ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಮ್ಮದಾಗಿಸಿದರು. ಜಯಚಾಮರಾಜೇಂದ್ರ ಒಡೆಯರು ಪಿಯಾನೋ ಕಲಿತವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ಅವರೇ 90ಕ್ಕೂ ಹೆಚ್ಚು ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ನಮ್ಮ ಕಾಲಕ್ಕೆ ಬಂದರೆ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೈಕ್ರೋಬಯಾಲಜಿ ಓದಿದವರು, ಗಿಟಾರನ್ನು ತಾವೇ ಕಲಿತು ಶಿಶುನಾಳ ಶರೀಫರ ಪದಗಳನ್ನು ಹೊರದೇಶದ ವೇದಿಕೆಗಳವರೆಗೆ ಒಯ್ದರು.

ಆದರೂ ಗಿಟಾರ್ ಕೊಂಡವರಲ್ಲಿ ಬಹಳ ಮಂದಿ ಮೂರು ತಿಂಗಳಿಗೆ ಅದನ್ನು ಗೋಡೆಗೆ ನೇತುಹಾಕುತ್ತಾರೆ. ನನ್ನ ಸಹೋದ್ಯೋಗಿಗಳ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಪ್ರತಿಭೆ ಇಲ್ಲವೆಂದಲ್ಲ, ಅಭ್ಯಾಸಕ್ಕೆ ಯೋಜನೆ ಇರುವುದಿಲ್ಲ. ಇವತ್ತು ಒಂದು ವೀಡಿಯೊ, ನಾಳೆ ಇನ್ನೊಂದು. ಭಾನುವಾರ ಮೂರು ಗಂಟೆ ನುಡಿಸಿ, ಬೆರಳು ನೋಯಿಸಿಕೊಂಡು, ಮುಂದಿನ ಆರು ದಿನ ವಾದ್ಯ ಮುಟ್ಟುವುದಿಲ್ಲ.

ಸಂಗೀತ ಪಾಠ ಹೇಳುವ ಮನೆಯ ಮುಂದೆ ಹಾದುಹೋದವರಿಗೆಲ್ಲ ಸರಳೆ ವರಸೆ ಕೇಳಿ ಗೊತ್ತು. ಒಂದೇ ಪಾಠ, ಮೊದಲು ವಿಳಂಬ ಕಾಲದಲ್ಲಿ, ಆಮೇಲೆ ಅದರ ಎರಡರಷ್ಟು, ಕೊನೆಗೆ ನಾಲ್ಕರಷ್ಟು ವೇಗದಲ್ಲಿ. ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ಸ್ವಲ್ಪವೇ ಪಾಠ, ದಿನವೂ ಪಾಠ, ನಿಧಾನದಿಂದ ವೇಗಕ್ಕೆ. ಗಿಟಾರಿಗೂ ಇದಕ್ಕಿಂತ ಒಳ್ಳೆಯ ಯೋಜನೆ ನನಗೆ ಸಿಕ್ಕಿಲ್ಲ.

ನನ್ನ ಅರ್ಧ ಗಂಟೆಯ ಲೆಕ್ಕ ಹೀಗಿದೆ. ಮೊದಲ 5 ನಿಮಿಷ ಶ್ರುತಿ ಮಾಡಿ ಬೆರಳು ಸಡಿಲಿಸುವುದು. ಮುಂದಿನ 10 ನಿಮಿಷ ಕಾರ್ಡ್ ಬದಲಾವಣೆ. ಎರಡೇ ಕಾರ್ಡ್ ಆರಿಸಿ, ಒಂದು ನಿಮಿಷದಲ್ಲಿ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಸ್ವಚ್ಛವಾಗಿ ಹೋದೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಿನ್ನೆ 14, ಇವತ್ತು 17 ಎಂದು ಕಂಡರೆ ಅದೇ ಉತ್ಸಾಹ. ಆಮೇಲೆ 5 ನಿಮಿಷ ಸ್ವರಗಳು. ಮೆಟ್ರೊನೋಮ್ ನಿಮಿಷಕ್ಕೆ 60 ತಾಳಕ್ಕಿಟ್ಟು, ಮೂರು ಸಲ ತಪ್ಪಿಲ್ಲದೆ ಬಂದರೆ ಮಾತ್ರ 65ಕ್ಕೆ ಏರಿಸುವುದು. ಕೊನೆಯ 10 ನಿಮಿಷ ಒಂದು ಹಾಡು. ಈ ಹತ್ತು ನಿಮಿಷವನ್ನು ಬಿಡಬೇಡಿ, ಹಾಡಿಲ್ಲದ ಅಭ್ಯಾಸ ಬೇಗ ಬೇಸರ ತರುತ್ತದೆ. ಆರಂಭಕ್ಕೆ ಇ ಮೈನರ್, ಎ ಮೈನರ್, ಜಿ, ಸಿ, ಡಿ ಸಾಕು. ತೋರುಬೆರಳನ್ನು ಅಡ್ಡಲಾಗಿ ಒತ್ತಬೇಕಾದ ಎಫ್ ಕಾರ್ಡ್ ಕಷ್ಟ, ಅದು ಆಮೇಲೆ ಬರಲಿ. ಮೊದಲ ಕೆಲವು ವಾರ ಬೆರಳ ತುದಿ ನೋಯುತ್ತದೆ. ಚರ್ಮ ಗಟ್ಟಿಯಾದಂತೆ ನೋವು ಹೋಗುತ್ತದೆ.

ಇನ್ನು ಥಿಯರಿ. ಅದಕ್ಕೆ ಹೆದರುವವರಿಗೆ ಒಂದು ಮಾತು. ಅದರ ಅರ್ಧ ನಮ್ಮ ಹತ್ತಿರ ಆಗಲೇ ಇದೆ. ವೀಣೆಯ ಹಾಗೆ ಗಿಟಾರಿಗೂ ಮೆಟ್ಟಿಲುಗಳಿವೆ. ಖಾಲಿ ತಂತಿಯನ್ನು ಷಡ್ಜ ಎಂದಿಟ್ಟುಕೊಂಡರೆ 12ನೇ ಮೆಟ್ಟಿಲಲ್ಲಿ ಮೇಲಿನ ಷಡ್ಜ. ಸ್ಕೇಲ್ ಹಿಡಿದು ಅಳೆಯಿರಿ, ಅದು ತಂತಿಯ ಸರಿಯಾದ ಮಧ್ಯ. ಉದ್ದ ಅರ್ಧವಾದರೆ ಕಂಪನ ಎರಡರಷ್ಟು. ಪಿಯುಸಿಯ ಸೋನೋಮೀಟರ್ ಪ್ರಯೋಗದ ಹಿಂದಿರುವ ನಿಯಮವೂ ಇದೇ. ಮಧ್ಯದಲ್ಲಿರುವುದು ನಮ್ಮ ಹನ್ನೆರಡು ಸ್ವರಸ್ಥಾನಗಳು.

ಒಂದೇ ತಂತಿಯ ಮೇಲೆ 0, 1, 4, 5, 7, 8, 11, 12 ಈ ಮೆಟ್ಟಿಲುಗಳನ್ನು ನುಡಿಸಿ. ಸರಳೆ ವರಸೆ ಕಲಿಸುವ ಮಾಯಾಮಾಳವಗೌಳದ ಸ್ವರಗಳು ಬಂದವು. ಈಗ ರಿಷಭವನ್ನು 1ರಿಂದ 2ಕ್ಕೆ, ಧೈವತವನ್ನು 8ರಿಂದ 9ಕ್ಕೆ ಸರಿಸಿ. ಶಂಕರಾಭರಣದ ಸ್ವರಗಳು. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುವುದು ಇದನ್ನೇ. ಗಮಕ ಬೇರೆಯೇ ವಿದ್ಯೆ, ಅದನ್ನು ಗುರುಮುಖೇನ ಕಲಿಯಬೇಕು. ಸ್ವರಸ್ಥಾನದ ನಕ್ಷೆ ಮಾತ್ರ ಎರಡಕ್ಕೂ ಒಂದೇ.

ನಮ್ಮ ಪದ್ಧತಿಯಲ್ಲಿ ಇಲ್ಲದ್ದು ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಅದರ ಸೂತ್ರವೂ ಸರಳ. ಷಡ್ಜ, ಅಂತರ ಗಾಂಧಾರ, ಪಂಚಮ ಸೇರಿದರೆ ಮೇಜರ್. ಗಾಂಧಾರ ಒಂದು ಮೆಟ್ಟಿಲು ಇಳಿದು ಸಾಧಾರಣ ಗಾಂಧಾರವಾದರೆ ಮೈನರ್. ಇ ಮೇಜರ್ ಹಿಡಿದು ಮೀಟಿ. ತೋರುಬೆರಳೊಂದನ್ನು ಎತ್ತಿ ಮತ್ತೆ ಮೀಟಿ, ಅದು ಇ ಮೈನರ್. ಗೆಲುವಿನ ಹಾಡು ಒಂದೇ ಬೆರಳಿನಿಂದ ವಿಷಾದಕ್ಕೆ ತಿರುಗಿದ್ದು ಕಿವಿಗೆ ಕೇಳುತ್ತದೆ. ಥಿಯರಿಯನ್ನು ಹೀಗೆ ವಾರಕ್ಕೆ ಒಂದು ವಿಷಯದಂತೆ, ಕೈಯಲ್ಲಿ ವಾದ್ಯ ಹಿಡಿದೇ ಕಲಿಯಿರಿ. ಬರೀ ಓದಿದ್ದು ನಿಲ್ಲುವುದಿಲ್ಲ.

ಪೋಷಕರಿಗೆ ಎಸ್‌ಎಸ್‌ಎಲ್‌ಸಿ ಚಿಂತೆ ಇರುವುದು ಸಹಜ. ನಾನು ಕೇಳುತ್ತಿರುವುದು ದಿನದ ಅರ್ಧ ಗಂಟೆ, ಪರೀಕ್ಷೆಯ ತಿಂಗಳಲ್ಲಿ 10 ನಿಮಿಷವಾದರೂ ಸಾಕು. ದಿನವೂ ಒಂದು ಕಡೆ ಕೂತು, ತಪ್ಪನ್ನು ತಾನೇ ಗುರುತಿಸಿ, ನಿಧಾನ ಮಾಡಿ ತಿದ್ದಿಕೊಳ್ಳುವ ಮಗು ಗಣಿತವನ್ನೂ ಹಾಗೆಯೇ ಕಲಿಯಬಹುದು ಎಂಬುದು ನನ್ನ ನಂಬಿಕೆ.

ಕೊನೆಯದಾಗಿ ಒಂದು ಕೋರಿಕೆ. ಕಲಿಕೆಗೆ ಸಾಕಾಗುವ ಗಿಟಾರ್ ಐದಾರು ಸಾವಿರ ರೂಪಾಯಿಗೆ ಸಿಗುತ್ತದೆ. ನಮ್ಮ ಬ್ಯಾಚಿನವರು ಸೇರಿ ಎರಡು ಗಿಟಾರ್ ಕೊಡಿಸಲು ಸಿದ್ಧರಿದ್ದೇವೆ. ಅವು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು, ಮಕ್ಕಳ ಕೈಗೆ ಸಿಗಬೇಕು. ಮುಖ್ಯೋಪಾಧ್ಯಾಯರು ಒಂದು ಕೊಠಡಿ ಬಿಟ್ಟುಕೊಟ್ಟರೆ ಶನಿವಾರ ಮಧ್ಯಾಹ್ನ ನಾನು ಬಂದು, ನನಗೆ ಗೊತ್ತಿರುವಷ್ಟನ್ನು ಹೇಳಿಕೊಡುತ್ತೇನೆ. ಬಡಾವಣೆಯಲ್ಲಿ ವೀಣೆ, ಹಾಡುಗಾರಿಕೆ ಬಲ್ಲ ಹಿರಿಯರಿದ್ದೀರಿ, ನೀವೂ ಬಂದು ನಮ್ಮ ಶ್ರುತಿ ತಿದ್ದಬೇಕು. ಮಕ್ಕಳೇ, ಶುಲ್ಕವಿಲ್ಲ. ಆದರೆ ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ತರಬೇಕು, ದಿನದ ಲೆಕ್ಕ ಅದರಲ್ಲಿ ಬರೆದಿರಬೇಕು.