ಉಳಿಸಿದ ಇಂಧನ ಎಲ್ಲಿಗೆ ಹೋಯಿತು?

(ವಿದ್ಯಾರ್ಥಿಗಳು ಹಾಗೂ ಕೃಷಿಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಉಪನ್ಯಾಸದ ವಿಷಯ ಅಮೆರಿಕದ ‘ಮಸಲ್ ಕಾರು’. ಕನ್ನಡದಲ್ಲಿ ಕಸುವಿನ ಕಾರು ಎನ್ನೋಣ. ನಮ್ಮ ಘಟ್ಟದ ದಾರಿಗಳಲ್ಲಿ ಇಂಥ ವಾಹನ ಕಾಣಸಿಗುವುದು ತೀರ ಅಪರೂಪ. ಆದರೂ ಇದನ್ನು ಆಯ್ದುಕೊಳ್ಳಲು ಕಾರಣವಿದೆ. ಯಂತ್ರದ ದಕ್ಷತೆ ಹೆಚ್ಚಿದರೆ ಇಂಧನ ತಾನಾಗಿ ಉಳಿಯುತ್ತದೆ ಎಂದು ನಾವೆಲ್ಲರೂ ನಂಬಿದ್ದೇವೆ. ಆ ನಂಬಿಕೆಯನ್ನು ಒರೆಗೆ ಹಚ್ಚಲು ಈ ಕಾರಿನ ಅರವತ್ತು ವರ್ಷಗಳ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1964ರಲ್ಲಿ ಪಾಂಟಿಯಾಕ್ ಸಂಸ್ಥೆಯು ಮಧ್ಯಮ ಗಾತ್ರದ ಕಾರೊಂದಕ್ಕೆ ದೊಡ್ಡ ಕಾರಿನ ಎಂಜಿನ್ ಜೋಡಿಸಿ ಜಿ.ಟಿ.ಓ. ಎಂಬ ಹೆಸರಿನಲ್ಲಿ ಮಾರಿತು. ಎಂಟು ಸಿಲಿಂಡರ್, 6.4 ಲೀಟರ್ ಸಾಮರ್ಥ್ಯ, 325 ಅಶ್ವಶಕ್ತಿ. ಅದೇ ವರ್ಷ ಫೋರ್ಡ್ ಮಸ್ಟಾಂಗ್ ಬಂದಿತು. 1966ರಲ್ಲಿ ಷೆವರ್ಲೆ ಕಮಾರೋ, 1970ರ ಮಾದರಿಯಾಗಿ ಡಾಡ್ಜ್ ಚಾಲೆಂಜರ್ ಅದನ್ನು ಹಿಂಬಾಲಿಸಿದವು. ಆಗ ಅಲ್ಲಿ ಒಂದು ಗ್ಯಾಲನ್, ಎಂದರೆ 3.8 ಲೀಟರ್ ಪೆಟ್ರೋಲಿಗೆ ಸುಮಾರು 30 ಸೆಂಟ್ ಬೆಲೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೂ ಕೇಳುವವರಿರಲಿಲ್ಲ.

ಇಂಥ ಕಾರು ಇಷ್ಟೊಂದು ಇಂಧನ ಕುಡಿಯುವುದೇಕೆ? ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗಲು ಕಾರಿಗೆ ಬೇಕಾದುದು ಇಪ್ಪತ್ತು ಇಪ್ಪತ್ತೈದು ಅಶ್ವಶಕ್ತಿ ಮಾತ್ರ. ಅದಕ್ಕಾಗಿ ಮುನ್ನೂರು ಅಶ್ವಶಕ್ತಿಯ ಎಂಜಿನ್ ತಿರುಗುತ್ತಿರುತ್ತದೆ. ಒಂದು ಲೋಟ ಕಾಫಿಗಾಗಿ ಬಚ್ಚಲಮನೆಯ ಹಂಡೆಯ ಒಲೆ ಹಚ್ಚಿದಂತೆ! ಗಾಳಿ ಒಳಬರುವ ಬಾಗಿಲನ್ನು ಬಹುಪಾಲು ಮುಚ್ಚಿಟ್ಟು ಎಂಜಿನ್ನನ್ನು ನಿಧಾನಗೊಳಿಸಬೇಕಾಗುತ್ತದೆ. ಎಂಟೂ ಪಿಸ್ಟನ್‌ಗಳು ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಹೆಣಗುತ್ತವೆ. ಎಂಟರ ಘರ್ಷಣೆಯೂ ಇಂಧನದ ಲೆಕ್ಕಕ್ಕೇ ಸೇರುತ್ತದೆ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಮಾರುವುದನ್ನು ನಿಲ್ಲಿಸಿದವು. ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. 1974ರಲ್ಲಿ ವೇಗದ ಮಿತಿಯನ್ನು ಗಂಟೆಗೆ 88 ಕಿಲೋಮೀಟರಿಗೆ ಇಳಿಸಲಾಯಿತು. ಇದು ಸರಳ ಭೌತಶಾಸ್ತ್ರ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 1975ರ ಕಾನೂನು ಇನ್ನೂ ಮುಂದೆ ಹೋಗಿ, ಪ್ರತಿ ತಯಾರಕರ ಹೊಸ ಕಾರುಗಳ ಸರಾಸರಿ ಮೈಲೇಜು 1985ರ ವೇಳೆಗೆ ಗ್ಯಾಲನ್ನಿಗೆ 27.5 ಮೈಲಿ, ಎಂದರೆ ಲೀಟರಿಗೆ 11.7 ಕಿಲೋಮೀಟರ್ ಆಗಬೇಕೆಂದು ವಿಧಿಸಿತು. 1978ರಲ್ಲಿ ಅತಿಯಾಗಿ ಇಂಧನ ಕುಡಿಯುವ ಕಾರುಗಳ ಮೇಲೆ ಪ್ರತ್ಯೇಕ ತೆರಿಗೆ ಬಂದಿತು.

ಒತ್ತಾಯ ಬಂದಾಗ ತಂತ್ರಜ್ಞರು ಮಾಡಿ ತೋರಿಸಿದರು. ಕಾರ್ಬ್ಯುರೇಟರ್ ಹೋಗಿ ಅಳತೆಗೆ ತಕ್ಕಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂದಿತು. ಮಸ್ಟಾಂಗಿನ ಎಂಟು ಸಿಲಿಂಡರಿನ ಎಂಜಿನ್ನಿಗೆ ಅದು 1986ರಲ್ಲಿ ದೊರೆಯಿತು. ಓವರ್‌ಡ್ರೈವ್ ಗೇರಿನಿಂದಾಗಿ ಕಾರಿನ ವೇಗ ಕುಗ್ಗದೆ ಎಂಜಿನ್ ನಿಧಾನವಾಗಿ ತಿರುಗತೊಡಗಿತು. ಕೆಲಸ ಕಡಿಮೆಯಿದ್ದಾಗ ಅರ್ಧದಷ್ಟು ಸಿಲಿಂಡರುಗಳನ್ನು ಮಲಗಿಸುವ ಉಪಾಯವನ್ನು 1981ರಲ್ಲಿ ಕ್ಯಾಡಿಲಾಕ್ ಪ್ರಯತ್ನಿಸಿ ಸೋತಿತು. ಅದೇ ಉಪಾಯ ಗಣಕ ನಿಯಂತ್ರಣ ಸುಧಾರಿಸಿದ ಬಳಿಕ, 2005ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಫಲ ನೀಡಿತು. 2015ರ ಮಾದರಿಯ ಮಸ್ಟಾಂಗಿನಲ್ಲಿ 2.3 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಟರ್ಬೋ ನೆರವಿನಿಂದ 310 ಅಶ್ವಶಕ್ತಿ ನೀಡಿತು. ಹಂಡೆಯ ಒಲೆಯ ಕೆಲಸ ಪುಟ್ಟ ಒಲೆಯಿಂದ ನಡೆಯಿತು.

ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕು. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಎರಡು ಕಾರುಗಳಿವೆ ಎಂದುಕೊಳ್ಳಿ. ಒಂದರ ಮೈಲೇಜು ಲೀಟರಿಗೆ 4ರಿಂದ 6 ಕಿಲೋಮೀಟರಿಗೆ ಏರಿತು. ಇನ್ನೊಂದರದು 15ರಿಂದ 20ಕ್ಕೆ ಏರಿತು. ಎರಡನೆಯದೇ ದೊಡ್ಡ ಸಾಧನೆಯೆಂದು ತೋರುತ್ತದೆ. ಆದರೆ ಮೊದಲನೆಯ ಕಾರು 3,000 ಲೀಟರಿನಿಂದ 2,000ಕ್ಕೆ ಇಳಿದು 1,000 ಲೀಟರ್ ಉಳಿಸಿತು. ಎರಡನೆಯದು 800ರಿಂದ 600ಕ್ಕೆ ಇಳಿದು ಉಳಿಸಿದ್ದು 200 ಲೀಟರ್ ಮಾತ್ರ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದುದರಿಂದ ಅತಿ ಹೆಚ್ಚು ಕುಡಿಯುವ ಯಂತ್ರವನ್ನು ಸುಧಾರಿಸುವುದೇ ಅತಿ ಹೆಚ್ಚು ಫಲದಾಯಕ. ಕಸುವಿನ ಕಾರಿನ ದಕ್ಷತೆಯ ಮಾತನ್ನು ಶ್ರೀಮಂತರ ಶೋಕಿಯೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಹಾಗಿದ್ದರೆ ಉಳಿತಾಯ ಆಯಿತೇ? ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ನಿಟ್ಟೆಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಅಮೆರಿಕದ ಕಾರುಗಳ ತೂಕ ಮತ್ತು ಶಕ್ತಿ 1980ರ ಮಟ್ಟದಲ್ಲೇ ನಿಂತಿದ್ದರೆ, 2006ರ ವೇಳೆಗೆ ಮೈಲೇಜು ಶೇಕಡಾ 60ರಷ್ಟು ಹೆಚ್ಚುವ ಸಾಧ್ಯತೆಯಿತ್ತು. ವಾಸ್ತವವಾಗಿ ಹೆಚ್ಚಿದ್ದು ಶೇಕಡಾ 15ಕ್ಕಿಂತ ತುಸು ಮೇಲೆ. ಆ ಅವಧಿಯಲ್ಲಿ ಅಶ್ವಶಕ್ತಿ ಇಮ್ಮಡಿಯನ್ನೂ ಮೀರಿತು, ತೂಕವೂ ಏರಿತು. ತಂತ್ರಜ್ಞರು ದುಡಿದು ಉಳಿಸಿದ್ದರ ಬಹುಪಾಲನ್ನು ಶಕ್ತಿಯ ಹಸಿವು ನುಂಗಿತು.

ಕಸುವಿನ ಕಾರುಗಳಲ್ಲಂತೂ ಇದು ಎದ್ದು ಕಾಣುತ್ತದೆ. 2015ರ ಮಾದರಿಯ ಚಾಲೆಂಜರ್ ಹೆಲ್‌ಕ್ಯಾಟ್ 707 ಅಶ್ವಶಕ್ತಿಯದು. 2023ರ ಡೀಮನ್ 170 ವಿಶೇಷ ಇಂಧನದಲ್ಲಿ 1,025 ಅಶ್ವಶಕ್ತಿ ನೀಡುತ್ತಿತ್ತು. ಕಾನೂನಿನ ಕಣ್ತಪ್ಪಿಸುವ ಜಾಣ್ಮೆಯೂ ಬೆಳೆಯಿತು. 1989ರ ಕಾರ್ವೆಟ್ ಕಾರಿನಲ್ಲಿ, ನಿಧಾನವಾಗಿ ಚಲಿಸುವಾಗ ಗೇರು ಒಂದರಿಂದ ನೇರವಾಗಿ ನಾಲ್ಕಕ್ಕೆ ಹೋಗುವಂತೆ ಮಾಡುವ ತಡೆಯೊಂದಿತ್ತು. ಸರ್ಕಾರಿ ಪರೀಕ್ಷೆಯಲ್ಲಿ ಮೈಲೇಜು ಏರಿತು. ಆದರೆ ಅಂಥ ತಡೆಯನ್ನು ನಿಷ್ಕ್ರಿಯಗೊಳಿಸುವ ಪುಟ್ಟ ಸಾಧನಗಳು ಅಂಗಡಿಗೆ ಬಂದವು, ಮಾಲೀಕರು ಕೊಂಡು ಜೋಡಿಸಿಕೊಂಡರು. ಅತಿಬಳಕೆಯ ತೆರಿಗೆ ಕಾರುಗಳಿಗಷ್ಟೇ ಅನ್ವಯವಾಗಿ, ಭಾರವಾದ ಜೀಪು ಮಾದರಿಯ ವಾಹನಗಳು ಹೊರಗುಳಿದವು. ಕೊಳ್ಳುವವರು ಅತ್ತ ಹೊರಳಿದರು. 2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು, ಸರಾಸರಿ ಮೈಲೇಜಿನ ನಿಯಮ ಮೀರಿದವರ ದಂಡವನ್ನು ಶೂನ್ಯಕ್ಕಿಳಿಸಿತು. ನಿಯಮ ಪುಸ್ತಕದಲ್ಲಿದೆ; ಅದರ ಹಲ್ಲು ಕಿತ್ತುಹೋಗಿದೆ.

ಈ ಪ್ರವೃತ್ತಿ ಹೊಸದಲ್ಲ. 1865ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವೊನ್ಸ್, ಉಗಿಯಂತ್ರ ದಕ್ಷವಾದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆಂದು ಎಚ್ಚರಿಸಿದ್ದನು. ಯಂತ್ರ ಅಗ್ಗವಾಗಿ ಓಡತೊಡಗಿದಾಗ ನಾವು ಅದನ್ನು ಹೆಚ್ಚು ಓಡಿಸುತ್ತೇವೆ.

ಇದರಿಂದ ದಕ್ಷತೆಯ ಪ್ರಯತ್ನವೇ ವ್ಯರ್ಥವೆಂದು ಯಾರೂ ಭಾವಿಸಬಾರದು. ಹಳೆಯ ಕಾರಿನ ಮಾಲೀಕನೂ ಓವರ್‌ಡ್ರೈವ್ ಗೇರ್‌ಪೆಟ್ಟಿಗೆ ಜೋಡಿಸಬಹುದು, ಟೈರುಗಳ ಗಾಳಿಯನ್ನು ಸರಿಯಾಗಿಡಬಹುದು, ಅನವಶ್ಯಕ ಭಾರ ಇಳಿಸಬಹುದು. ಎಲ್ಲಕ್ಕೂ ಮಿಗಿಲಾಗಿ ಕಾಲನ್ನು ಹಗುರವಾಗಿಡಬಹುದು. ಹೆದ್ದಾರಿಯಲ್ಲಿ ಆವೇಶದಿಂದ ಓಡಿಸಿದರೆ ಮೈಲೇಜು ಶೇಕಡಾ 15ರಿಂದ 30ರಷ್ಟು ಕುಸಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಗೇರ್‌ಪೆಟ್ಟಿಗೆಯನ್ನು ಬಿಟ್ಟರೆ ಉಳಿದವೆಲ್ಲ ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಉಪಾಯಗಳು.

ನಾನು ಒತ್ತಿ ಹೇಳಬಯಸುವುದು ಇಷ್ಟೇ: ದಕ್ಷತೆಗೆ ಮಿತಿಯೆಂಬ ಜೊತೆಗಾರ ಬೇಕು. ಕಟ್ಟೆಯಿಲ್ಲದ ಕೆರೆಗೆ ಎಷ್ಟು ನೀರು ಹರಿಸಿದರೇನು? 1975ರ ಕಾನೂನು ಕಟ್ಟೆಯಾಗಿದ್ದಾಗ ಮೈಲೇಜು ಏರಿತು. ಕಟ್ಟೆ ಸಡಿಲವಾದಲ್ಲೆಲ್ಲ ಉಳಿತಾಯ ಸೋರಿಹೋಯಿತು. ಆ ದೇಶದ ಹೊಗೆ ಆ ದೇಶದ ಆಕಾಶದಲ್ಲಷ್ಟೇ ನಿಲ್ಲುವುದಿಲ್ಲವಾದ್ದರಿಂದ, ಈ ಪ್ರಶ್ನೆ ನಮ್ಮದೂ ಹೌದು. ನಾಳೆ ನಿಮ್ಮ ಊರಿಗೆ ಕಡಿಮೆ ವಿದ್ಯುತ್ತಿನ ಪಂಪು, ಕಡಿಮೆ ಸೌದೆಯ ಒಲೆ, ಹೆಚ್ಚು ಮೈಲೇಜಿನ ವಾಹನ ಬಂದಾಗ ಸಂತೋಷದಿಂದ ಸ್ವಾಗತಿಸಿ. ಜೊತೆಗೆ, ಉಳಿದದ್ದು ಎಲ್ಲಿ ಹೋಗುತ್ತದೆ, ಅದನ್ನು ಕಾಯುವವರು ಯಾರು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.